ಗೃಹೋಪಸ್ಕರಗಳ ಸಮುದ್ರಯಾನ

ಮನುಷ್ಯರು ದೇಶಾಂತರ ಹೋದ ವೃತ್ತಾಂತಗಳನ್ನು ವಾಚಕರು ಬೇಕಾದಷ್ಟು ಓದಿರುತ್ತಾರೆ. ಅವರ ಹಿಂದೆಯೇ ಹೊರಡುವ ಮಂಚ, ಮೇಜು, ಪಾತ್ರೆ ಪಡಗಗಳ ಪ್ರಯಾಣವನ್ನು ಕುರಿತು ಬರೆದವರು ವಿರಳ. ಮನೆಯ ಬಳಕೆಯ ಇಂಥ ಸಾಮಾನುಗಳಿಗೆ ಸಂಸ್ಕೃತದಲ್ಲಿ ‘ಗೃಹೋಪಸ್ಕರ’ವೆಂದು ಹೆಸರು. ಈಚೆಗೆ ನಮ್ಮ ಸೋದರತ್ತೆಯವರ ಮಗನು ಬೆಂಗಳೂರಿನ ಚಾಮರಾಜಪೇಟೆಯ ಮನೆಯನ್ನು ಮಾರಿ, ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನೆಲಸಲು ಹೊರಟನು. ಅವರ ಸಾಮಾನನ್ನು ಕಳುಹಿಸುವ ಕೆಲಸದಲ್ಲಿ ನೆರವಾಗುವ ನಿಮಿತ್ತದಿಂದ ನಾವು ವೈಟ್‌ಫೀಲ್ಡನ್ನೂ ಚೆನ್ನೈ ಬಂದರನ್ನೂ ಕಂಡು ಬಂದೆವು. ಇಂಥ ಪ್ರಯಾಣವು ಈಗ ಅನೇಕ ಮನೆಗಳಿಗೆ ಒದಗುತ್ತಿರುವುದರಿಂದ, ಕಂಡುದನ್ನೂ ತಿಳಿದುದನ್ನೂ ಬರೆದರೆ ಗೃಹಸ್ಥರಿಗೆ ಉಪಯೋಗವಾದೀತೆಂದು ನಂಬಿದ್ದೇವೆ.

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡು ಹುಟ್ಟಿನಿಂದಲೇ ನೆಲೆಯನ್ನರಸಿ ಬಂದವರ ಊರು. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ವ್ಯವಸಾಯದ ವಸಾಹತುಗಳಿಗಾಗಿ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ಮುಖಂಡರಾಗಿದ್ದ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಅವರು ದುಂಡಗೆ ಹಾಕಿದ ಬೀದಿಯನ್ನು ಈಗಲೂ ನೋಡಬಹುದು. 1947ರ ತರುವಾಯ ಆ ಜನರಲ್ಲಿ ಅನೇಕರು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋದರು. ಒಮ್ಮೆ ನೆಲೆಯೂರಲೆಂದು ಕಟ್ಟಿದ ಊರಿನಲ್ಲಿಯೇ ಇಂದು ನೆಲೆ ಬಿಟ್ಟುಹೋಗುವವರ ಸಾಮಾನು ಸಾಗುವ ದೊಡ್ಡ ಕಂಟೈನರ್ ನೆಲೆಯೂ ಇದೆ.

ಸಮುದ್ರದಿಂದ ಇಷ್ಟು ದೂರದಲ್ಲಿ ಬಂದರಿನ ಕೆಲಸವೇನೆಂದು ವಾಚಕರು ಕೇಳಬಹುದು. ಇಂಥ ಸ್ಥಳಕ್ಕೆ ‘ಒಣಬಂದರು’ ಎನ್ನುತ್ತಾರೆ. ಹಡಗುಕಟ್ಟೆಯಲ್ಲಿ ಆಗಬೇಕಾದ ಸುಂಕದ ತಪಾಸಣೆಯನ್ನು ಇಲ್ಲಿಯೇ ಮುಗಿಸಿ, ಉಕ್ಕಿನ ಪೆಟ್ಟಿಗೆಯ ಬಾಗಿಲಿಗೆ ಮುದ್ರೆ ಹಾಕಿ, ಸುಮಾರು 350 ಕಿಲೋಮೀಟರು ದೂರದ ಚೆನ್ನೈಗೆ ರೈಲಿನಲ್ಲಿಯೋ ಲಾರಿಯಲ್ಲಿಯೋ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ಈ ಏರ್ಪಾಡು 1981ರಲ್ಲಿ ಆರಂಭವಾಯಿತು. ಗಾಡಿಗಳು ಹೋಗುವ ರೈಲುದಾರಿಯಾದರೋ 1864ರಷ್ಟು ಹಳೆಯದು.

ಕಂಟೈನರೆಂಬ ಈ ಪೆಟ್ಟಿಗೆಯ ಚರಿತ್ರೆಯೂ ತಿಳಿಯತಕ್ಕದ್ದಾಗಿದೆ. ಮೊದಲು ಒಂದೊಂದು ಮೂಟೆಯನ್ನೂ ಕೂಲಿಗಳು ಹೊತ್ತು ಹಡಗಿಗೆ ಏರಿಸಬೇಕಾಗಿದ್ದಿತು. ಲಾರಿಗಳ ಒಡೆಯನಾಗಿದ್ದ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕನ್ನನು, ಸಾಮಾನನ್ನು ಬಿಡಿಬಿಡಿಯಾಗಿ ಹೊರುವುದಕ್ಕಿಂತ ಪೆಟ್ಟಿಗೆಯನ್ನೇ ಇಡಿಯಾಗಿ ಎತ್ತಿ ಹಡಗಿನ ಮೇಲಿಡುವುದು ಲೇಸೆಂದು ಬಗೆದು, 1956ರ ಏಪ್ರಿಲ್ 26ರಂದು 58 ಪೆಟ್ಟಿಗೆಗಳನ್ನು ನೆವಾರ್ಕಿನಿಂದ ಹೂಸ್ಟನ್ನಿಗೆ ಕಳುಹಿಸಿದನು. ಈಗ ಲೋಕದ ಎಲ್ಲ ಬಂದರುಗಳಿಗೂ ಪೆಟ್ಟಿಗೆಯ ಅಳತೆ ಒಂದೇ. ಚಿಕ್ಕದು 20 ಅಡಿ ಉದ್ದ, 8 ಅಡಿ ಅಗಲ. ಅದರೊಳಗೆ ಸುಮಾರು 33 ಘನ ಮೀಟರು ಜಾಗವಿರುತ್ತದೆ. ಪೂರ್ತಿ ಪೆಟ್ಟಿಗೆ ಬೇಡವಾದವರು ಇತರರೊಡನೆ ಪಾಲು ಹಂಚಿಕೊಳ್ಳಬಹುದು.

ಗೃಹಸ್ಥರು ಮೊದಲು ಮನಸ್ಸಿನಲ್ಲಿಡತಕ್ಕ ಸಂಗತಿಯೊಂದಿದೆ. ಹಡಗಿನ ಬಾಡಿಗೆ ಬಹುಮಟ್ಟಿಗೆ ಜಾಗಕ್ಕೆ ಹೊರತು ತೂಕಕ್ಕಲ್ಲ. ಮೆತ್ತನೆಯ ಸೋಫಾ ಒಳಗೆಲ್ಲ ಗಾಳಿ. ಅದನ್ನು ಕಳುಹಿಸುವುದೆಂದರೆ ಗಾಳಿಗೆ ಬಾಡಿಗೆ ತೆತ್ತಂತೆ. ಒರಳುಕಲ್ಲು ಇಬ್ಬರು ಎತ್ತಲಾರದಷ್ಟು ಭಾರವಾದರೂ ಒಂದು ಮೂಲೆಯಲ್ಲಿ ಕುಳಿತುಬಿಡುತ್ತದೆ. ಸೊಸೆಯು ಆಸೆಪಟ್ಟಿದ್ದ ಸೋಫಾ ಉಳಿದು, ಯಾರೂ ಎಣಿಸದಿದ್ದ ಅತ್ತೆಯವರ ಒರಳುಕಲ್ಲು ಹೊರಟದ್ದು ಈ ಲೆಕ್ಕದಿಂದಲೇ.

ಎರಡನೆಯ ಸಂಗತಿ ಕಾನೂನು. ಆ ಮನೆಯಲ್ಲಿ ಅತ್ತೆಯವರ ಮಾವನವರ ಕಾಲದಿಂದ ಬಂದ ಬೀಟೆಯ ಮಂಚವೂ, ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟೊಂದೂ ಇದ್ದವು. ಎರಡನ್ನೂ ಮಕ್ಕಳಿಗೆ ತೋರಿಸಲು ಒಯ್ಯಬೇಕೆಂದು ಮಗನ ಹಟ. ಆದರೆ 1972ರ ಪ್ರಾಚ್ಯವಸ್ತು ಶಾಸನದ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾಕೃತಿಗಳನ್ನೂ ಕರಕುಶಲ ವಸ್ತುಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ಬೆಲೆಯುಳ್ಳ ಹಸ್ತಪ್ರತಿಗಳನ್ನೂ ಖಾಸಗಿ ಜನರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ವಸ್ತುವಿನ ವಯಸ್ಸು ಸಂದೇಹವಾದರೆ ಅದು ಪ್ರಾಚ್ಯವಸ್ತುವಲ್ಲವೆಂದು ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬೇಕು. ಬೀಟೆಯ ಜಾತಿಯ ಮರಗಳೆಲ್ಲವೂ 2017ರಿಂದ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಗೆ ಸೇರಿರುವುದರಿಂದ, ಅಂಥ ಸಾಮಾನಿಗೆ ಅನುಮತಿ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸತಕ್ಕದ್ದು. ದಂತದ ಕುಸುರಿಯುಳ್ಳ ವಸ್ತುವನ್ನಂತೂ ಒಯ್ಯುವ ಯೋಚನೆಯನ್ನೇ ಬಿಡುವುದು ಲೇಸು.

ಮಗನು ಈ ವಿಷಯಗಳನ್ನೆಲ್ಲ ಕೇಳಿ ಖಿನ್ನನಾಗಿ ಕುಳಿತಿದ್ದಾಗ, ಎಪ್ಪತ್ತೆಂಟು ವರ್ಷದ ಅತ್ತೆಯವರು ನಮ್ಮ ಕಡೆಗೆ ತಿರುಗಿ, “ನೀನು ಓದಿದವನಪ್ಪಾ, ನೀನೇ ಹೇಳು. ಈ ಮನೆಯಲ್ಲಿ ಹುಟ್ಟಿದವರೆಲ್ಲ ಈ ಮಂಚದ ಮೇಲೆ ಹುಟ್ಟಿದರು. ಅಲ್ಲಿ ಇದರ ಮೇಲೆ ಯಾರು ಮಲಗುತ್ತಾರೆ? ನೋಡುವುದಕ್ಕೆ ಇಟ್ಟ ಮಂಚ ಮಂಚವೇ?” ಎಂದರು. ಮಂಚವು ಅವರ ತಮ್ಮನ ಮಗಳ ಮನೆಗೆ ಹೋಯಿತು. ಅಲ್ಲಿ ಬಾಣಂತನ ಸಮೀಪಿಸಿದ್ದಿತು. ತಾಳೆಗರಿಗಳ ವಿಷಯದಲ್ಲಿ ಮಾತ್ರ ಅತ್ತೆಯವರು ಮೂರು ದಿನ ಏನನ್ನೂ ಹೇಳಲಿಲ್ಲ. ಅವು ತಮ್ಮ ಮಾವನವರು ಪ್ರತಿದಿನ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಗರಿಗಳು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ವಿಷಯವನ್ನು ನಾವು ಅವರಿಗೆ ತಿಳಿಸಿದೆವು. 1891ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಗರಿಗಳಲ್ಲಿಯೇ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದರು. ಆ ಪಂಡಿತರು ಗರಿಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಆ ಗ್ರಂಥದ ಗತಿಯೇನಾಗುತ್ತಿತ್ತೆಂದು ಕೇಳಿದಾಗ ಅತ್ತೆಯವರು ತಲೆದೂಗಿದರು. ಪ್ರತಿಯೊಂದು ಗರಿಯ ಛಾಯಾಚಿತ್ರವನ್ನೂ ತೆಗೆದುಕೊಂಡ ಬಳಿಕ ಕಟ್ಟು ಮೈಸೂರಿಗೆ ಹೋಯಿತು.

ಮೂರನೆಯ ಸಂಗತಿ, ಸಾಮಾನನ್ನು ಬರಮಾಡಿಕೊಳ್ಳುವ ದೇಶದ ನಿಯಮ. ಹನ್ನೆರಡು ತಿಂಗಳಿಗೆ ಕಡಮೆಯಿಲ್ಲದೆ ಸ್ವಂತವಾಗಿದ್ದು ಬಳಸಿದ ಸಾಮಾನಿಗೆ ಆಸ್ಟ್ರೇಲಿಯಾದಲ್ಲಿ ಸಾಧಾರಣವಾಗಿ ಸುಂಕವಿಲ್ಲ. ಆದರೆ ಕೀಟ, ಮಣ್ಣು, ಬೀಜಗಳ ವಿಷಯದಲ್ಲಿ ಆ ದೇಶದವರು ಬಹಳ ಕಟ್ಟುನಿಟ್ಟು. ನಮ್ಮ ಸೀಮೆಯಲ್ಲಿ ಹುಟ್ಟಿದ ಖಾಪ್ರಾ ಎಂಬ ದುಂಬಿಯ ಮರಿಯು ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಅಡಗಿದ್ದು, ಬಳಿಕ ಉಗ್ರಾಣದ ಧಾನ್ಯವನ್ನೇ ಹಾಳುಮಾಡಬಲ್ಲುದು. ಆದುದರಿಂದ ಅಕ್ಕಿ, ಕಡಲೆ, ಜೀರಿಗೆ ಮೊದಲಾದುವನ್ನು ಮನೆಸಾಮಾನಿನೊಡನೆ ಕಳುಹಿಸುವುದನ್ನು ಅವರು 2020ರಿಂದ ನಿಷೇಧಿಸಿದ್ದಾರೆ. ಅಕ್ಕಿಯ ಡಬ್ಬದ ಮೂಲೆಯಲ್ಲಿ ಒಂದು ಕಾಳೂ ಇರಬಾರದು. ಮರದ ವಸ್ತುವಿನಲ್ಲಿ ಹುಳು ಕೊರೆದ ರಂಧ್ರ, ಪಾದರಕ್ಷೆಯಲ್ಲಿ ಮಣ್ಣು, ಪೊರಕೆಯಲ್ಲಿ ತೆನೆ ಕಂಡರೂ ತಡೆಯುತ್ತಾರೆ. ಶುದ್ಧಿಮಾಡುವ ಖರ್ಚು ಸಾಮಾನಿನ ಒಡೆಯರದು. ಹಲಸಿನ ಮಣೆಗಳು ನಾಲ್ಕಿದ್ದವು. ಒಂದರ ಅಡಿಯಲ್ಲಿ ಸೂಜಿಮೊನೆಯಂಥ ತೂತುಗಳು ಕಂಡದ್ದರಿಂದ ಅದನ್ನು ಹಿಂದೆಗೆದೆವು. ಸಾಮಾನು ತುಂಬುವ ಹೊಸ ಮರದ ಪೆಟ್ಟಿಗೆಗಳನ್ನು ಸಹ, ತಿರುಳಿನವರೆಗೆ 56 ಡಿಗ್ರಿ ಶಾಖವು ಮೂವತ್ತು ನಿಮಿಷ ತಾಗುವಂತೆ ಕಾಯಿಸಿ, ಗೋಧಿಯ ತೆನೆಯ ಮುದ್ರೆ ಒತ್ತಿರಬೇಕು.

ಇಷ್ಟೆಲ್ಲ ಆಗಿ ಪೆಟ್ಟಿಗೆ ಹೊರಟ ಮರುದಿನ ನಾವು ಬೇರೆ ಕಾರ್ಯಕ್ಕಾಗಿ ಚೆನ್ನೈಗೆ ಹೋದಾಗ ಬಂದರನ್ನು ನೋಡಿದೆವು. ಒಳಕ್ಕೆ ಹೋಗಲು ಅಪ್ಪಣೆಯಿಲ್ಲದವರಿಗೆ ಬೀದಿಯಿಂದ ಕಾಣುವುದು ಗೋಡೆಯ ಆಚೆ ನಿಂತ ಎತ್ತುಯಂತ್ರಗಳ ಸಾಲು ಮಾತ್ರ. ಆ ತೀರದಲ್ಲಿ ಸಹಜವಾದ ಬಂದರಿಲ್ಲ. ಹಿಂದೆ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಮೊಳೆಯಿಲ್ಲದೆ ತೆಂಗಿನ ನಾರಿನಿಂದ ಹಲಗೆಗಳನ್ನು ಹೊಲಿದ ಮಸೂಲಾ ದೋಣಿಗಳು ಅಲೆಗಳ ನಡುವೆ ಜನರನ್ನೂ ಸಾಮಾನನ್ನೂ ದಡಕ್ಕೆ ತರುತ್ತಿದ್ದವು. ಕಟ್ಟುತ್ತಿದ್ದ ಅಲೆತಡೆಯ ಗೋಡೆಗಳನ್ನು 1881ರ ಚಂಡಮಾರುತವು ಕೆಡವಿತು, ಮತ್ತೆ ಕಟ್ಟಿದರು. ಅದೇ ತೀರದಲ್ಲಿ 1983ರಿಂದ ಕಂಟೈನರುಗಳಿಗೇ ಮೀಸಲಾದ ಕಟ್ಟೆ ಕೆಲಸ ಮಾಡುತ್ತಿದೆ.

ಅಲ್ಲಿ ನಿಂತಾಗ ಮನುಸ್ಮೃತಿಯ ಎಂಟನೆಯ ಅಧ್ಯಾಯವು ನೆನಪಿಗೆ ಬಂದಿತು. ನದಿಯ ಮೇಲಣ ಪ್ರಯಾಣಕ್ಕೆ ದೇಶಕಾಲಗಳನ್ನು ನೋಡಿ ಕೂಲಿಯನ್ನು ಗೊತ್ತುಮಾಡಬಹುದು, ಸಮುದ್ರಕ್ಕೆ ಅಂಥ ಕಟ್ಟಳೆಯಿಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ನಾವಿಕರ ತಪ್ಪಿನಿಂದ ಸಾಮಾನು ಕೆಟ್ಟರೆ ಅವರೇ ತೆರತಕ್ಕದ್ದು, ದೈವಿಕವಾಗಿ ಕೆಟ್ಟರೆ ದಂಡವಿಲ್ಲವೆಂದೂ ಹೇಳಿದೆ. ಇಂದಿನ ವಿಮೆಯ ಕಾಗದಗಳಲ್ಲಿಯೂ ವಾದವೆಲ್ಲ ಬಹುಮಟ್ಟಿಗೆ ಈ ಎರಡರ ನಡುವೆಯೇ. ಇನ್ನೊಂದು ಪುರಾತನ ನ್ಯಾಯವೂ ಉಂಟು: ಹಡಗನ್ನು ಉಳಿಸಲು ಮಾಡಿದ ತ್ಯಾಗವನ್ನೂ ಖರ್ಚನ್ನೂ ಅದರಲ್ಲಿ ಸಾಮಾನಿಟ್ಟವರೆಲ್ಲರೂ ಹಂಚಿಕೊಳ್ಳಬೇಕು. 2021ರ ಮಾರ್ಚಿಯಲ್ಲಿ ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಹಡಗು ಆರು ದಿನ ಸಿಕ್ಕಿಕೊಂಡಾಗ ಈ ನಿಯಮವನ್ನೇ ಘೋಷಿಸಿದರು. ಆದುದರಿಂದ ವಿಮೆ ಮಾಡಿಸುವವರು ಈ ಹಂಚಿಕೆಯೂ ಅದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯಬೇಕು. ಪೆಟ್ಟಿಗೆಯೊಳಗಿನ ತೇವವು ರಾತ್ರಿಯ ತಂಪಿಗೆ ಮೇಲ್ಚಾವಣಿಯಲ್ಲಿ ಹನಿಗಟ್ಟಿ ಸಾಮಾನಿನ ಮೇಲೆ ಮಳೆಯಂತೆ ಬೀಳುವುದೂ ಉಂಟು. ತೇವ ಹೀರುವ ಚೀಲಗಳನ್ನು ಒಳಗೆ ತೂಗುಹಾಕಿಸುವುದು ಅವಶ್ಯ.

ಎಪ್ಪತ್ತು ದಿನಗಳ ಮೇಲೆ ಸಾಮಾನು ಮನೆ ಸೇರಿದ ವರ್ತಮಾನ ಬಂದಿತು. ಗಾಜಿನ ಹೂಜಿಯೊಂದು ಒಡೆದಿದ್ದಿತು. ತೇಗದ ತೂಗುಮಣೆಯನ್ನು ಹಾಕಲು ಅಲ್ಲಿಯ ತೆಳುವಾದ ಮಾಳಿಗೆಯಲ್ಲಿ ಭಾರ ತಾಳುವ ತೊಲೆಯಿಲ್ಲದೆ, ಅದನ್ನು ಕಾಲುಗಳ ಮೇಲೆ ನಿಲ್ಲಿಸಿ ಪೀಠವನ್ನಾಗಿ ಮಾಡಿದ್ದಾರೆ. ಕಳುಹಿಸುವ ಮೊದಲೇ ಆ ಮನೆಯ ಬಾಗಿಲು, ಮಾಳಿಗೆ, ಕೋಣೆಗಳ ಅಳತೆಯನ್ನು ತರಿಸಿಕೊಳ್ಳುವುದು ಒಳ್ಳೆಯದು. ವಿದ್ಯುತ್ತಿನ ಶಕ್ತಿ ಅಲ್ಲಿಯೂ ನಮ್ಮಲ್ಲಿಯಂತೆ 230 ವೋಲ್ಟೇ ಆದುದರಿಂದ ಮಿಕ್ಸಿಯು ಪ್ಲಗ್ಗು ಬದಲಾದ ಮಾತ್ರಕ್ಕೆ ನಡೆಯಿತು. ಅಮೆರಿಕಕ್ಕೆ ಹೋಗುವವರಿಗೆ ಈ ಸೌಕರ್ಯವಿಲ್ಲ.

ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ ಬರೆದ ಮಿತಾಕ್ಷರೆಯಲ್ಲಿ ಸ್ವತ್ತನ್ನು ಸ್ಥಾವರ, ಜಂಗಮ ಎಂದು ವಿಂಗಡಿಸಿದ್ದಾನೆ. ಆ ಲೆಕ್ಕದಲ್ಲಿ ಮಂಚವೂ ತಾಳೆಗರಿಯೂ ಜಂಗಮವೇ. ಆದರೆ ದೇಶ ಬಿಡುವ ದಿನ ಅವು ಸ್ಥಾವರದಂತೆ ಇಲ್ಲಿಯೇ ನಿಂತವು. ಮನೆಯ ಮೂಲೆಯಲ್ಲಿ ಬೇರೂರಿದಂತಿದ್ದ ಒರಳುಕಲ್ಲು ಸಮುದ್ರ ದಾಟಿತು. ಹೊರಡುವವರು ಬೆಲೆಯನ್ನು ನೋಡಿ ಸಾಮಾನನ್ನು ಆರಿಸದೆ, ಅಲ್ಲಿ ದಿನವೂ ಕೈಗೆ ಬರುವುದು ಯಾವುದು, ಇಲ್ಲಿ ಇತರರಿಗೆ ಬೇಕಾದುದು ಯಾವುದು ಎಂದು ಎರಡು ಪಟ್ಟಿಗಳನ್ನು ಬರೆಯಲಿ. ಆ ಪಟ್ಟಿಗಳನ್ನು ಮನೆಯ ಹಿರಿಯರ ಎದುರಿಗೆ ಕುಳಿತು ಬರೆಯುವುದು ಉತ್ತಮ. ಅತ್ತೆಯವರು ಈಗ ವಾರಕ್ಕೊಮ್ಮೆ ಆ ಕಲ್ಲಿನಲ್ಲಿ ಚಟ್ನಿ ಅರೆದು ಮೊಮ್ಮಕ್ಕಳಿಗೆ ಬಡಿಸುತ್ತಿದ್ದಾರೆಂದು ತಿಳಿದು ನಮಗೆ ಸಂತೋಷವಾಯಿತು.