ಆದೇಶ ಸಂಧಿ

ಕಳೆದ ತಿಂಗಳು ಅಕ್ಕನ ಮಗಳು ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಹಿಡಿದು ಬಂದು, “ಮಾಮಾ, ಆದೇಶ ವಿಧಾನ ಅಂದರೇನು?” ಎಂದು ಕೇಳಿದಳು. ಕನ್ನಡ ಎಂ.ಎ. ಮಾಡಿದವನ ಕಿವಿಗೆ ‘ಆದೇಶ’ವೆಂಬ ಮಾತು ಬಿದ್ದರೆ ಸಾಕು, ಬಾಯಿ ತಾನಾಗಿ ತೆರೆಯುತ್ತದೆ. ಮಳೆಯ ಮುಂದೆ ಕಾಲ ಬಂದರೆ ಮಳೆಗಾಲ. ಕಕಾರದ ಸ್ಥಾನದಲ್ಲಿ ಗಕಾರ ಬಂದು ಕುಳಿತಿತು ಎಂದು ಉಪನ್ಯಾಸವನ್ನೇ ಆರಂಭಿಸಿದೆ. ಹುಡುಗಿ ತಾಳ್ಮೆಯಿಂದ ಕೇಳಿ, “ಅದು ಸಂಧಿ ಮಾಮಾ, ಇದು ಸಮೀಕರಣ” ಎಂದಳು.

ಲೆಕ್ಕಕ್ಕೆ ಹೆದರಿಯೇ ಸಾಹಿತ್ಯಕ್ಕೆ ಬಂದವನು ನಾನು. ಆದರೂ ಪುಸ್ತಕ ತಿರುವಿದಾಗ ಎರಡೂ ಒಂದೇ ಜಾತಿಯವೆನಿಸಿತು. ತಿಳಿಯದ ಎರಡರಲ್ಲಿ ಒಂದನ್ನು ಇನ್ನೊಂದರ ಮೂಲಕ ಹೇಳಿ, ಅದರ ಸ್ಥಾನದಲ್ಲಿ ಇದನ್ನು ಕೂರಿಸುವುದು. ಆಗ ನೆನಪಾದದ್ದು ಮಂಡಿಪೇಟೆಯ ಒಂದು ಮಧ್ಯಾಹ್ನ.

ನಮ್ಮ ತಂದೆಯವರು ದಾವಣಗೆರೆಯ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. 1996ರ ಮಳೆಗಾಲ. ಬುತ್ತಿ ಕೊಡಲು ಹೋದ ನಾನು ಚೀಲಗಳ ಮೇಲೆ ಕುಳಿತಿದ್ದೆ. ಹಿಂದಿನ ದಿನ ಒಬ್ಬರಿಗೆ ಒಂದು ಚೀಲ ಜೋಳ, ಒಂದು ಚೀಲ ಕಡಲೆ ಕೊಟ್ಟು ತಂದೆಯವರು 1,500 ರೂಪಾಯಿ ಕಿರ್ದಿಗೆ ಬರೆದಿದ್ದರು. “ಕಡಲೆಗೆ 1,200 ಇತ್ತು, ನೂರು ರೂಪಾಯಿ ಎಲ್ಲಿ?” ಎಂದರು ಸಾಹುಕಾರರು. ದರ ಹೇಳಿದ್ದ ಅವರ ತಮ್ಮ ಪರಊರಿಗೆ ಹೋಗಿದ್ದರು. ಅವರೇ ಬರೆದ ಎರಡು ಚೀಟಿಗಳು ಮಳೆಯಲ್ಲಿ ನೆನೆದು ದರದ ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಉಳಿದಿದ್ದದ್ದು ಇಷ್ಟು: ಮೂರು ಜೋಳ, ಒಂದು ಕಡಲೆ, 2,300. ಐದು ಜೋಳ, ಎರಡು ಕಡಲೆ, 4,200.

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಂದೆ ಚೀಟಿಗಳನ್ನು ಗಾದಿಯ ಮೇಲೆ ಹರವಿ ಮೆಲ್ಲನೆ ಹೇಳಿದರು: “ಒಂದು ಕಡಲೆ ಅಂದರೆ 2,300ರಲ್ಲಿ ಮೂರು ಜೋಳ ಕಳೆದದ್ದು. ಎರಡು ಕಡಲೆ ಅಂದರೆ 4,600ರಲ್ಲಿ ಆರು ಜೋಳ ಕಳೆದದ್ದು. ಅದನ್ನೇ ಎರಡನೇ ಚೀಟಿಯಲ್ಲಿ ಕಡಲೆ ಜಾಗಕ್ಕೆ ಇಡ್ರಿ. ಅಲ್ಲಿ ಐದು ಜೋಳ ಮೊದಲೇ ಐತಿ, ಕಳೆಯೋದು ಒಂದೇ ಜೋಳ. 4,600 ಹೋಗಿ 4,200 ಆತು. ಜೋಳ 400, ಕಡಲೆ 1,100.”

ಸಾಹುಕಾರರು ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿದರು. “ಹೂಂ” ಎಂದು ಮುಂದಿನ ಖಾತೆಗೆ ತಿರುಗಿದರು. ಅಷ್ಟೇ. ಮನೆಗೆ ಬರುವಾಗ ತಂದೆಯವರು ನನಗೆ ಮಂಡಕ್ಕಿ, ಮಿರ್ಚಿ ಕೊಡಿಸಿದರು, ತಾವು ತಿನ್ನಲಿಲ್ಲ. ಮರುದಿನ ಎಂದಿನ ಹೊತ್ತಿಗೆ ಅಂಗಡಿಗೆ ಹೋದರು. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನಾನು ಬಹುಕಾಲ “ತಂದೆಯವರು ವ್ಯಾಪಾರದಲ್ಲಿದ್ದಾರೆ” ಎಂದೇ ಹೇಳುತ್ತಿದ್ದೆ.

ಹುಡುಗಿಯ ನೆವದಿಂದ ಗ್ರಂಥಾಲಯದಲ್ಲಿ ಹುಡುಕಿದಾಗ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಸಿಕ್ಕಿತು. ಒಂಬತ್ತನೆಯ ಶತಮಾನದ ಸಂಸ್ಕೃತ ಗ್ರಂಥ. ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಸ್ತುತಿ. ವರ್ಷವರ್ಷವೂ ‘ಕವಿರಾಜಮಾರ್ಗ’ ಪಾಠ ಹೇಳುವ ನಾನು ಅದೇ ರಾಜನ ಕಾಲದ ಈ ಲೆಕ್ಕಗಳತ್ತ ಇಣುಕಿಯೂ ನೋಡಿರಲಿಲ್ಲ! ಅದರಲ್ಲೊಂದು: ಒಂಬತ್ತು ಮಾದಲದ ಹಣ್ಣು, ಏಳು ಬೇಲದ ಹಣ್ಣು ಸೇರಿ 107; ಏಳು ಮಾದಲ, ಒಂಬತ್ತು ಬೇಲ ಸೇರಿ 101. ಒಂದೊಂದರ ಬೆಲೆಯೇನು?

ಮೊಮ್ಮಗಳು ಅದನ್ನು ಅಜ್ಜನ ಮುಂದಿಟ್ಟಳು. ಕಣ್ಣು ಮುಚ್ಚಿಕೊಂಡೇ ಅವರು, “ಮೊದಲು ಎರಡೂ ಚೀಟಿ ಕೂಡಿಸು. ಹದಿನಾರು ಜೋಡಿಗೆ 208, ಜೋಡಿಗೆ ಹದಿಮೂರು. ಮೊದಲನೇದರಲ್ಲಿ ಏಳು ಜೋಡಿ ತೆಗಿ, 91 ಹೋತು. ಉಳಿದ ಎರಡು ಮಾದಲಕ್ಕೆ ಹದಿನಾರು” ಎಂದರು. ಮಾದಲ ಎಂಟು, ಬೇಲ ಐದು. ಅವಳು ಬರೆದುಕೊಳ್ಳುತ್ತಿರುವಾಗ ಕಣ್ಣು ತೆರೆದು ನನ್ನ ಕಡೆ ನೋಡಿ, “ಬೇಲದ ಹಣ್ಣಿಗೆ ಐದು ತುಸು ಜಾಸ್ತಿ ಆತಲ್ಲೋ” ಎಂದರು.