ತಿರುಗಿಸುವ ಕೈ, ಹಿಡಿದಿಡುವ ಕಾಲು

ಎಂಟನೇ ತರಗತಿಯ ‘ಘರ್ಷಣೆ’ ಘಟಕ ನನ್ನ ಅಭ್ಯಾಸ ಬೋಧನೆಯ ಪಾಲಿಗೆ ಬಂದಿತ್ತು. ಬಾಳೆಹಣ್ಣಿನ ಸಿಪ್ಪೆ, ಬೆಂಕಿಕಡ್ಡಿ, ಸೈಕಲ್ಲಿನ ಬ್ರೇಕು ನಾವೆಲ್ಲ ಪಾಠಯೋಜನೆಯಲ್ಲಿ ಬರೆಯುವ ಉದಾಹರಣೆಗಳು. ಅವು ಸರಿಯಾದವೇ. ಆದರೆ ಘರ್ಷಣೆ ನಮ್ಮ ಕೆಲಸಕ್ಕೆ ಅಡ್ಡಿಯೂ ಹೌದು, ಆಸರೆಯೂ ಹೌದು ಎಂಬ ಎರಡು ಮಾತನ್ನೂ ಒಂದೇ ಕಡೆ ತೋರಿಸುವ ಉದಾಹರಣೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಒಂದು ಕಾರಿನ ಬೋಲ್ಟಿನಲ್ಲಿ.

ನನ್ನ ಮಾವ ತಿಪಟೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹಳೆಯ ಪೆಟ್ರೋಲ್ ಕಾರು, ಹಳದಿ ಬೋರ್ಡು. ಮನೆಗೆ ಅದೊಂದೇ ಆದಾಯ. ನನ್ನ ಬಿ.ಎಡ್. ಶುಲ್ಕದ ಅರ್ಧ ಭಾಗವೂ ಆ ಕಾರಿನ ಬಾಡಿಗೆಯಿಂದಲೇ ಬಂದದ್ದು. ಅದರ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಿತ್ತು. ಕೆಳಗಿನ ಕ್ರ್ಯಾಂಕ್‌ಶಾಫ್ಟ್ ತಿರುಗುವುದಕ್ಕೂ ಮೇಲಿನ ವಾಲ್ವುಗಳು ತೆರೆದು ಮುಚ್ಚುವುದಕ್ಕೂ ಹೊಂದಾಣಿಕೆ ತರುವುದು ಈ ಹಲ್ಲಿನ ಪಟ್ಟಿ. ಕಾರು ಓಡುತ್ತಿರುವಾಗ ಅದು ಹರಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ, ವಾಲ್ವು ಬಾಗುತ್ತದೆ. ಆಮೇಲೆ ಇಡೀ ಎಂಜಿನ್ ಬಿಚ್ಚಬೇಕು. ಮಾವನಂಥವರಿಗೆ ಅದು ಒಂದು ತಿಂಗಳ ದುಡಿಮೆ ನಿಂತಂತೆ.

ಬೆಲ್ಟು ಕೈಗೆ ಸಿಗಬೇಕಾದರೆ ಕೆಳಗಿನ ಮುಚ್ಚಳ ತೆಗೆಯಬೇಕು. ಮುಚ್ಚಳ ಬರಬೇಕಾದರೆ ಅದರ ಮುಂದಿರುವ ಕ್ರ್ಯಾಂಕ್ ಪುಲ್ಲಿ ಬರಬೇಕು. ಪುಲ್ಲಿಯನ್ನು ಹಿಡಿದಿದ್ದದ್ದು ನಡುವಿನ ಒಂದೇ ಬೋಲ್ಟು. ಚಕ್ರದ ನಟ್ಟುಗಳನ್ನು ಸುಮಾರು 100 ನ್ಯೂಟನ್ ಮೀಟರಿನಷ್ಟು ಬಿಗಿದರೆ, ಈ ಬೋಲ್ಟನ್ನು ಹಲವು ಕಾರುಗಳಲ್ಲಿ 150ರಿಂದ 250ರವರೆಗೆ ಬಿಗಿದಿರುತ್ತಾರೆ. ಯಾವ ಬೋಲ್ಟಿನಲ್ಲೇ ಆಗಲಿ, ಬಿಗಿಯುವಾಗ ಹಾಕಿದ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿತ ಕೊಡಲು ಬಳಕೆಯಾಗುತ್ತದೆ. ಉಳಿದದ್ದೆಲ್ಲ ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಅದರ ಮೇಲೆ ವರ್ಷಗಟ್ಟಲೆ ಬಿಸಿ, ಮಳೆನೀರು, ತುಕ್ಕು. ಹೀಗಾಗಿ ಬಿಗಿದದ್ದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಬಲ ಬೇಕಾಗುತ್ತದೆ.

ಗ್ಯಾರೇಜಿನ ಮೇಸ್ತ್ರಿ ಮುಂದಿನ ಒಂದು ಚಕ್ರ ತೆಗೆದು, ಜಾಕಿನ ಜೊತೆಗೆ ಗಟ್ಟಿಯಾದ ಸ್ಟ್ಯಾಂಡನ್ನೂ ಕೊಟ್ಟು, ಆರು ಮೂಲೆಯ ಸಾಕೆಟ್ ಕೂಡಿಸಿದರು. ಹನ್ನೆರಡು ಮೂಲೆಯದಾದರೆ ಬೋಲ್ಟಿನ ತಲೆ ಸವೆದು ಜಾರುವ ಭಯ ಹೆಚ್ಚು. ಹಿಡಿ ಎಳೆದ ಕೂಡಲೇ ಬೋಲ್ಟು ತಿರುಗಿತು. ಮಾವನ ಮುಖ ಅರಳಿತು. ಮೇಸ್ತ್ರಿ ತಲೆಯಾಡಿಸಿ, “ತಿರುಗಿದ್ದು ಬೋಲ್ಟಲ್ಲ, ಎಂಜಿನ್ನು” ಎಂದರು. ಬೋಲ್ಟು, ಪುಲ್ಲಿ, ಕ್ರ್ಯಾಂಕ್‌ಶಾಫ್ಟ್ ಎಲ್ಲವೂ ಒಟ್ಟಿಗೇ ತಿರುಗಿದ್ದವು. ಇನ್ನೆಷ್ಟು ಎಳೆದರೂ ಅಷ್ಟೇ. ಎದುರು ಹಿಡಿತವಿಲ್ಲದ ಕಡೆ ಬಲ ಹೆಚ್ಚಿಸಿ ಪ್ರಯೋಜನವಿಲ್ಲ.

ಅವರು ಐದನೇ ಗಿಯರ್ ಹಾಕಿ, ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿದರು. ಗಿಯರಿನ ಮೂಲಕ ಎಂಜಿನ್ನು ಚಕ್ರಗಳಿಗೆ ಜೋಡಣೆಯಾಗುತ್ತದೆ, ಚಕ್ರಗಳನ್ನು ಬ್ರೇಕ್ ಹಿಡಿಯುತ್ತದೆ. ಮೊದಲನೇ ಗಿಯರಿಗೇ ಬಲ ಹೆಚ್ಚಲ್ಲವೇ ಎಂದು ಕೇಳಿದೆ. “ಒಂದಕ್ಕೆ ಹಾಕಿದ್ರೆ ಬ್ರೇಕು ತಡೆಯಲ್ಲ ಕಣಮ್ಮ” ಎಂದರು. ಲೆಕ್ಕ ಹಾಕಿದರೆ ಅವರ ಮಾತು ಸರಿಯಾಗಿಯೇ ಬರುತ್ತದೆ. ಇಂಥ ಕಾರಿನಲ್ಲಿ ಮೊದಲನೇ ಗಿಯರಿನಲ್ಲಿ ಎಂಜಿನ್ನು ಸುಮಾರು 12ರಿಂದ 15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ, ಐದನೆಯದರಲ್ಲಿ 3ರಿಂದ 4 ಸುತ್ತಿಗೇ ಒಂದು. ಅಂದರೆ ಹಿಡಿಯ ತುದಿಯಲ್ಲಿ ಮೇಸ್ತ್ರಿ ತಿರುಚುವ ಬಲ ಮೊದಲನೇ ಗಿಯರಿನಲ್ಲಿ 12-15 ಪಟ್ಟಾಗಿ ಚಕ್ರಕ್ಕೆ ಬರುತ್ತದೆ, ಐದನೆಯದರಲ್ಲಿ 3-4 ಪಟ್ಟು ಮಾತ್ರ. ಬ್ರೇಕಿಗೆ ಹೊರೆ ಕಡಿಮೆಯಾಗುವುದು ಐದರಲ್ಲಿಯೇ. ಇದನ್ನು ಅವರು ಯಾವ ಸೂತ್ರದಿಂದಲೂ ಕಲಿತವರಲ್ಲ.

ಬ್ರೇಕ್ ಒತ್ತುವುದೂ ಸುಲಭವಾಗಿರಲಿಲ್ಲ. ಎಂಜಿನ್ನು ನಿಂತಿರುವಾಗ ಬ್ರೇಕಿಗೆ ನೆರವಾಗುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ. ಆಮೇಲೆ ಕಾಲಿನ ಬಲವೊಂದೇ. ಬೆನ್ನನ್ನು ಸೀಟಿಗೆ ಕೊಟ್ಟು ಎರಡೂ ಕಾಲಿನಿಂದ ಒತ್ತಿದೆ.

60 ಸೆಂಟಿಮೀಟರಿನ ಹಿಡಿಗೆ ಮೇಸ್ತ್ರಿ ಮೈಭಾರ ಹಾಕಿದರು. 60 ಕಿಲೋ ತೂಕದವರು ಎಂದರೆ ಸುಮಾರು 600 ನ್ಯೂಟನ್ ಬಲ, 360 ನ್ಯೂಟನ್ ಮೀಟರ್. ಬೋಲ್ಟು ಅಲುಗಲಿಲ್ಲ. ಪಕ್ಕದ ಅಂಗಡಿಯವರೊಬ್ಬರು ಬಂದು, ಹಿಡಿಯನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ತಿರುಗಿಸಿದರೆ ಒಂದೇ ಏಟಿಗೆ ಬಿಡುತ್ತದೆ ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಹಿಡಿ ಜಾರಿ ಹಾರಿದರೆ ಯಾರಿಗೆ ತಗಲುತ್ತದೋ ಹೇಳಲಾಗದು. ಬೆಂಕಿ ಹಿಡಿಯಲೂ ಒಪ್ಪಲಿಲ್ಲ. ಪುಲ್ಲಿಯ ಒಳಗೆ ನಡುಕ ತಡೆಯುವ ರಬ್ಬರ್ ಬಳೆಯಿರುತ್ತದೆ, ಹಿಂದೆ ಆಯಿಲ್ ಸೀಲ್ ಇರುತ್ತದೆ, ಎರಡೂ ಕೆಡುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೋಲ್ಟಿನ ತಲೆಗೆ ನೇರವಾಗಿ ನಾಲ್ಕು ಪೆಟ್ಟು ಕೊಟ್ಟು, ಚಹಾಕ್ಕೆ ಹೋದರು. ಮಾವ ಮಾತ್ರ ಹೋಗಲಿಲ್ಲ. ಬೋಲ್ಟು ತುಂಡಾದರೆ ಏನಾಗುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಿಂದಿರುಗಿದ ಮೇಸ್ತ್ರಿ ಹಿಡಿಗೆ ಬೋರ್‌ವೆಲ್ಲಿನ ಜಿ.ಐ. ಪೈಪಿನ ತುಂಡು ತೊಡಿಸಿ ಉದ್ದವನ್ನು 1.2 ಮೀಟರ್ ಮಾಡಿದರು. ಅದೇ ಮನುಷ್ಯ, ಅದೇ ತೂಕ, ಬಲ ಮಾತ್ರ 720 ನ್ಯೂಟನ್ ಮೀಟರ್. ನಾನು ಮತ್ತೆ ಪೆಡಲ್ ಒತ್ತಿ ಹಿಡಿದೆ. ‘ಟಪ್’ ಎಂಬ ಸದ್ದಿಗೆ ಮಾವ ಬೆಚ್ಚಿಬಿದ್ದರು. ಬೋಲ್ಟು ಮುರಿದಿರಲಿಲ್ಲ, ಬಿಟ್ಟಿತ್ತು. ಅಷ್ಟು ಹೊತ್ತು ಇಬ್ಬರನ್ನು ಬೆವರಿಳಿಸಿದ್ದು ಈಗ ಬರಿಗೈಯಿಂದ ತಿರುಗುತ್ತಿತ್ತು. ಸ್ಥಾಯಿ ಘರ್ಷಣೆ ಜಾರು ಘರ್ಷಣೆಗಿಂತ ಹೆಚ್ಚು ಎಂಬ ವಾಕ್ಯವನ್ನು ಬಿ.ಎಸ್ಸಿ.ಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದರ ಸದ್ದು ಕೇಳಿದ್ದು ಅಂದೇ.

ಮನೆಗೆ ಬಂದು ಯೋಚಿಸಿದಾಗ ತೋಚಿದ್ದು ಇದು: ಬೋಲ್ಟಿನ ಘರ್ಷಣೆಯನ್ನು ಗೆದ್ದದ್ದು ಬರೀ ತೋಳಿನ ಬಲವಲ್ಲ. ಬ್ರೇಕಿನ ಘರ್ಷಣೆ ಎಂಜಿನ್ನನ್ನು ಹಿಡಿದು ನಿಲ್ಲಿಸಿದ್ದರಿಂದ ತೋಳಿನ ಬಲ ಬೋಲ್ಟಿಗೆ ತಲುಪಿತು. ಒಂದು ಘರ್ಷಣೆಯ ಮೇಲೆ ನಿಂತು ಇನ್ನೊಂದನ್ನು ಬಿಡಿಸಿದ್ದಾಯಿತು.

ತರಗತಿಗೆ ಎಂಜಿನ್ನು ಒಯ್ಯಲಾಗದು. ನುಣುಪಾದ ತಳದ ಉಪ್ಪಿನಕಾಯಿ ಬಾಟಲಿಯೊಂದನ್ನು ಒಯ್ದೆ. ಮುಚ್ಚಳ ಬಿಗಿಯಾಗಿ ಹಾಕಿ, ಮೇಜಿನ ಮೇಲಿನ ದಿನಪತ್ರಿಕೆಯ ಮೇಲಿಟ್ಟೆ. ಒಂದೇ ಕೈಯಿಂದ ಮುಚ್ಚಳ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿ, ಉತ್ತರವನ್ನು ಬಾಯಲ್ಲಿ ಹೇಳದೆ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಕಾರಣವನ್ನೂ ಬರೆಯಬೇಕು ಎಂದೆ.

ಬರೆಯಿಸಿದ್ದಕ್ಕೆ ಕಾರಣವಿತ್ತು. ನಮ್ಮ ಅಭ್ಯಾಸ ಬೋಧನೆಯ ಶಾಲೆಗಳಲ್ಲಿ ಯಾವ ಪ್ರಶ್ನೆಗೂ ಮೊದಲು ಬರುವುದು ಒಕ್ಕೊರಲಿನ “ಹೌದು ಮಿಸ್”. ಗ್ಯಾರೇಜಿನಲ್ಲಿ ಎಂಜಿನ್ನು ತಿರುಗಿದ್ದೂ ಹಾಗೆಯೇ. ನಾವು ಎತ್ತ ಎಳೆದರೆ ತರಗತಿ ಅತ್ತ ತಿರುಗುತ್ತದೆ, ಒಳಗಿನದು ಇದ್ದಲ್ಲೇ ಇರುತ್ತದೆ. ತಾನು ಬರೆದ ಒಂದು ಸಾಲು ಮಗುವಿನ ಕೈಯಲ್ಲಿದ್ದರೆ ಅದು ಸುಲಭಕ್ಕೆ ನಮ್ಮೊಂದಿಗೆ ತಿರುಗಿಬಿಡುವುದಿಲ್ಲ.

ಪತ್ರಿಕೆಯ ಮೇಲೆ ಬಾಟಲಿಯೇ ತಿರುಗಿತು. ‘ಮುಚ್ಚಳ ತೆರೆಯುತ್ತದೆ’ ಎಂದು ಬರೆದವರು ತಮ್ಮ ಸಾಲನ್ನು ಮತ್ತೆ ನೋಡಿಕೊಂಡರು. ಅಡಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು, ಸ್ವಲ್ಪ ಒತ್ತಿ ತಿರುಗಿಸಿದಾಗ ಮುಚ್ಚಳ ತೆರೆಯಿತು. ಘರ್ಷಣೆ ಎಲ್ಲೆಲ್ಲಿದೆ, ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಚರ್ಚೆಯನ್ನು ನಾನು ಎಬ್ಬಿಸಬೇಕಾಗಲಿಲ್ಲ.

ಕೊನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದಾನೆ. ಭಾನುವಾರ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕೆ ಕೂರುತ್ತಾನೆ, ತರಗತಿಯಲ್ಲಿ ಮಾತು ಕಡಿಮೆ. ಅವನು ಕೈಯೆತ್ತಿ, “ಮಿಸ್, ಅದಕ್ಕೇ ಅಲ್ವಾ ಜಾಕ್ ಎತ್ತೋಕೆ ಮುಂಚೇನೇ ಚಕ್ರದ ನಟ್ಟು ಸಡಿಲ ಮಾಡೋದು? ಮೇಲೆತ್ತಿದ್ರೆ ಚಕ್ರಾನೇ ತಿರುಗುತ್ತೆ” ಎಂದ. ಚಕ್ರ ನೆಲದ ಮೇಲಿರುವಾಗ ಅದನ್ನು ಹಿಡಿದಿರುವುದು ಯಾವುದು ಎಂದು ಕೇಳಿದೆ. “ನೆಲದ ಘರ್ಷಣೆ” ಎಂದು ಹೇಳಿದವರು ಅವನ ಅಕ್ಕಪಕ್ಕದವರು. ನಾನು ಯೋಜಿಸಿರದ ಆ ಉದಾಹರಣೆಯನ್ನು ಅವನ ಕೈಯಲ್ಲೇ ಕಪ್ಪುಹಲಗೆಯ ಮೇಲೆ ಬರೆಯಿಸಿದೆ.

ಈ ಘಟಕ ತೆಗೆದುಕೊಳ್ಳುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಬಾಟಲಿಯ ತಳ ನುಣುಪಾಗಿರಲಿ, ಮನೆಯಲ್ಲಿ ಒಮ್ಮೆ ಪರೀಕ್ಷಿಸಿ ಒಯ್ಯಿರಿ. ಊಹೆಯನ್ನು ಬರೆಯಿಸಲು ಮೂರು ನಿಮಿಷವಾದರೂ ಮೀಸಲಿಡಿ, ಪಾಠ ನಿಲ್ಲುವುದು ಆ ಮೂರು ನಿಮಿಷದ ಮೇಲೆ.