ಕಾಯಲ್ಲದ ಕಾಯಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೂಗೇ ದಾರಿ ತೋರಿಸುತ್ತದೆ. ಮಲ್ಲಿಗೆ, ಬಾಳೆಹಣ್ಣು, ಊದುಬತ್ತಿಗಳನ್ನು ದಾಟಿದ ಮೇಲೆ ಬಜೆಯ ಘಾಟು ಬಂದರೆ ಗ್ರಂಧಿಗೆ ಅಂಗಡಿ ಸಿಕ್ಕಿತೆಂದೇ ಲೆಕ್ಕ.

ದಸರಾ ರಜೆಯಲ್ಲಿ ಮೊಮ್ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆ. ನಮ್ಮಮ್ಮನ ಹಳೆಯ ಮದ್ದಿನ ಡಬ್ಬಿಯಲ್ಲಿ ಒಂದು ಮಾಚಿಕಾಯಿ ಉಳಿದಿತ್ತು. ಅದನ್ನು ನೋಡಿ ಅವಳು, “ತಾತ, ಇದರ ಮರ ಹೇಗಿರುತ್ತೆ?” ಎಂದು ಕೇಳಿದ್ದಳು. ಅಮ್ಮ ಅದನ್ನು ಸಾಣೆಕಲ್ಲಿನ ಮೇಲೆ ತೇಯುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದೆ. ಮರ ಮಾತ್ರ ನನಗೂ ಗೊತ್ತಿರಲಿಲ್ಲ.

ಅಂಗಡಿಯವರು ಒಂದು ಹಿಡಿ ಮಾಚಿಕಾಯಿಯನ್ನು ತಟ್ಟೆಗೆ ಸುರಿದರು. ಗೋಲಿಯಂಥ ಗುಂಡು, ಮೈಮೇಲೆಲ್ಲ ಸಣ್ಣ ಗಂಟು. ಕೆಲವಕ್ಕೆ ಒಂದೊಂದು ತೂತು.

“ತಾತ, ಇವಕ್ಕೆ ಹುಳ ಬಿದ್ದಿದೆ!”

ಅಂಗಡಿಯವರು ನಕ್ಕರು. “ಹುಳ ಬಿದ್ದದ್ದಲ್ಲ ಪುಟ್ಟಿ, ಹುಳವೇ ಕಟ್ಟಿಸಿದ್ದು. ಇದು ಕಾಯಿಯೇ ಅಲ್ಲ, ಅದರ ಮನೆ. ತೂತಿದ್ದರೆ ಹುಳ ಹೊರಟುಹೋಗಿದೆ ಅಂತ ಅರ್ಥ. ತೂತಿಲ್ಲದ್ದಕ್ಕೇ ಒಗರು ಜಾಸ್ತಿ.”

ಅರವತ್ತು ವರ್ಷ ಅದನ್ನು ಕಾಯಿ ಎಂದೇ ನಂಬಿದ್ದ ನಾನು ಪೆಚ್ಚಾದೆ.

ಮನೆಗೆ ಬಂದು ಇಬ್ಬರೂ ಪುಸ್ತಕ ತೆರೆದೆವು. ಟರ್ಕಿ, ಸಿರಿಯಾ, ಇರಾನ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ಎಳೆ ಮೊಗ್ಗಿನಲ್ಲಿ ಪುಟಾಣಿ ಕಣಜವೊಂದು ಮೊಟ್ಟೆಯಿಡುತ್ತದೆ. ಮರಿಹುಳು ಹುಟ್ಟಿತೆಂದರೆ ಮೊಗ್ಗು ದಾರಿ ತಪ್ಪುತ್ತದೆ. ಚಿಗುರಾಗಬೇಕಾದದ್ದು ಗುಂಡಗೆ ಊದಿಕೊಳ್ಳುತ್ತದೆ. ಹುಳುವಿನ ಸುತ್ತ ಪೌಷ್ಟಿಕವಾದ ಮೆತ್ತನೆಯ ಪದರ; ಅದು ಊಟ. ಅದರ ಹೊರಗೆ ಟ್ಯಾನಿನ್ ಎಂಬ ಒಗರು ತುಂಬಿದ ಗೋಡೆ, ಅದು ಕಾವಲು. ಒಳ್ಳೆಯ ಮಾಚಿಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಟ್ಯಾನಿನ್ನೇ! ಎಲೆ ತಿನ್ನುವ ಹುಳುಗಳನ್ನು ದೂರವಿಡಲು ಮರ ತಯಾರಿಸುವ ಒಗರನ್ನೇ ಈ ಹುಳು ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ.

“ಮರದ ಅಡುಗೆಮನೆಯಲ್ಲಿ ಹುಳದ್ದೇ ಯಜಮಾನಿಕೆ!” ಎಂದಳು ಮೊಮ್ಮಗಳು.

ಅಂಗಡಿಯವರು ಒಂದು ಪೊಟ್ಟಣ ಅನ್ನಭೇದಿಯನ್ನೂ ಕೊಟ್ಟು, “ಶಾಯಿ ಮಾಡಿ ನೋಡಿ ಸ್ವಾಮಿ” ಎಂದಿದ್ದರು. ಅನ್ನಭೇದಿ ಕಬ್ಬಿಣದ ಲವಣ. ಬಾಯಿಗೆ ಹೋಗಬಾರದು, ಹಾಗಾಗಿ ಮಕ್ಕಳು ಹಿರಿಯರ ಜೊತೆಗೇ ಮಾಡಬೇಕು. ಮಾಚಿಕಾಯಿಯನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿದ ನೀರಿಗೆ ಚಿಟಿಕೆ ಅನ್ನಭೇದಿ ಹಾಕಿದೆ. ನೀರು ಕಪ್ಪಿಟ್ಟಿತು. ಲಿಯೊನಾರ್ಡೊ ಡಾ ವಿಂಚಿ ಟಿಪ್ಪಣಿ ಬರೆದದ್ದು, ಬಾಖ್ ಸಂಗೀತ ಬರೆದದ್ದು ಇಂಥ ಶಾಯಿಯಿಂದಲೇ.

ಮೊಮ್ಮಗಳು ಕಡ್ಡಿ ಅದ್ದಿ ಬರೆದಳು. ಅಕ್ಷರ ಮೊದಲು ಮಾಸಲು ಬೂದು. ಗಾಳಿ ತಾಗುತ್ತ ಕಪ್ಪಾಯಿತು. ಕನ್ನಡಕ ಹಾಕಿಕೊಂಡು ಓದಿದೆ:

“ತಾತನಿಗೂ ಗೊತ್ತಿರಲಿಲ್ಲ.”

ಆ ಹಾಳೆಯನ್ನು ಅಮ್ಮನ ಡಬ್ಬಿಯಲ್ಲೇ ಇಟ್ಟಿದ್ದೇನೆ.